ಹೊಲಿಗೆ ಕ್ಲಾಸಿನ ಹಾಜರಿ ಪುಸ್ತಕ

ಆಕೆ ಹೇಳಿದ ದಿನಕ್ಕೆ ಜಂಪರ್ ಹೊಲಿದು ಕೊಟ್ಟಿದ್ದನ್ನು ನಮ್ಮೂರಲ್ಲಿ ಕಂಡವರಿಲ್ಲ. ಮದುವೆ ಮುಗಿದು, ಮದುಮಗಳು ಗಂಡನ ಮನೆಗೆ ಹೋಗಿ ತಿರುಗಿ ತವರಿಗೆ ಬಂದ ಮೇಲೆ ಮದುವೆಯ ಜಂಪರ್ ಕೈಗೆ ಸಿಕ್ಕಿದ್ದೂ ಉಂಟು. ಕೇಳಲು ಹೋದರೆ ತುಟಿಯ ಮಧ್ಯೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ "ನಾಳಿ ಬಾ" ಅನ್ನುತ್ತಿದ್ದಳು. "ನಿನ್ನೀನೂ ನಾಳಿ ಅಂದಿದ್ರೆಲ್ರೀ ಅಕ್ಕಾ" ಅಂದರೆ, "ನಿನ್ನಿ ಹೇಳಿದ್ದು ನಿನ್ನಿಗೆ ಮುಗೀತು. ಇವತ್ತ ಹೊಸಾದು ಹೇಳೀನಿ, ಅದನ್ನ ಕೇಳು" ಎಂದು ಮಷಿನ್ ತುಳಿಯಲು ಶುರು ಮಾಡುತ್ತಿದ್ದಳು. ಜನ ಬಯ್ಯುತ್ತಲೇ ಹೋಗುತ್ತಿದ್ದರು, ಮರುದಿನ ಮತ್ತೆ ಆಕೆಯ ಹತ್ತಿರವೇ ಬರುತ್ತಿದ್ದರು. ಆಕೆ ಹೊಲಿದದ್ದು ಮೈಗೆ ಹಾಗೆ ಕೂರುತ್ತಿತ್ತು.

ಊರಿಗೆಲ್ಲ ಆಕೆ ಟೇಲರಕ್ಕ. ಸ್ವಂತ ಹೆಸರು ಒಂದಿತ್ತು. ಆದರೆ ಒಮ್ಮೆ ಆ ಹೆಸರನ್ನು ನನ್ನ ಕೈಯಾರೆ ಬರೆದು ಆಕೆಯನ್ನು ಹಾಳು ಮಾಡಿದ್ದೇನೆ. ಇನ್ನೊಮ್ಮೆ ಬರೆಯಲು ಮನಸ್ಸಾಗುವುದಿಲ್ಲ.

ಕುಷ್ಟಗಿಯಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ಹಾದಿ ನಮ್ಮೂರು. ಪಂಚಾಯಿತಿ ಕಚೇರಿಯ ಹಿಂದಿನ ಓಣಿಯಲ್ಲಿ ಟೇಲರಕ್ಕನದು ಒಂದೇ ಖೋಲಿ, ಎರಡು ಮಷಿನ್ನು. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಸಂಜೆ ಸಾಲಿ ಬಿಟ್ಟ ಮೇಲೆ ನಾವು ಹತ್ತು ಹನ್ನೆರಡು ಹುಡುಗಿಯರು ಅಲ್ಲಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದೆವು. ಗೋಡೆಯ ಮೊಳೆಗೆ ಒಂದು ಹಾಜರಿ ಪುಸ್ತಕ ನೇತಾಡುತ್ತಿತ್ತು. ಮೇಲೆ 'ಹೊಲಿಗೆ ಕ್ಲಾಸ್' ಎಂದು ಬರೆದಿತ್ತು. ಎಲ್ಲರೂ ಅದರಲ್ಲಿ ಸಹಿ ಮಾಡುತ್ತಿದ್ದೆವು. ಸಹಿ ಮಾಡಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ದಾಳಿಂಬೆ ತೋಟದ ಬೇಲಿಗುಂಟ ನಡೆದು ಹಳೆಯ ಕೆರೆಯ ಅಂಗಳಕ್ಕೆ ಹೋಗುತ್ತಿದ್ದೆವು. ಕೆರೆಯಲ್ಲಿ ನೀರು ನಿಂತು ಎಷ್ಟೋ ಕಾಲವಾಗಿತ್ತು. ಸುತ್ತ ಜಾಲಿ ಬೆಳೆದು ಊರಿನ ಕಣ್ಣಿಗೆ ಮರೆಯಾಗಿತ್ತು. ಅಲ್ಲಿ ನಾವು ಓಡುತ್ತಿದ್ದೆವು.

ಓಟ, ಲಾಂಗ್ ಜಂಪ್, ಗುಂಡು ಎಸೆತ. ಪೊಲೀಸ್ ನೇಮಕಾತಿಯಲ್ಲಿ ಹೆಣ್ಣುಮಕ್ಕಳಿಗೆ ಏನೇನು ಪರೀಕ್ಷೆ ಇರುತ್ತದೋ ಅಷ್ಟನ್ನೂ ಆಕೆ ಎಲ್ಲಿಂದಲೋ ತಿಳಿದುಕೊಂಡಿದ್ದಳು. ಸೀಟಿ ಊದಿದರೆ ಊರಿಗೆ ಕೇಳಿಸುತ್ತದೆಂದು ದೊಡ್ಡ ಕತ್ತರಿಯನ್ನು ಕಟಕ್ ಅನ್ನಿಸುತ್ತಿದ್ದಳು. ಅದೇ ನಮ್ಮ ಸ್ಟಾರ್ಟ್. ಲಾಂಗ್ ಜಂಪ್ ಅಳೆಯಲು ಕೊರಳಲ್ಲಿನ ಹೊಲಿಗೆ ಟೇಪೇ ಸಾಕಿತ್ತು. ದಪ್ಪ ತಾಡಪತ್ರಿ ಬಟ್ಟೆಯಲ್ಲಿ ಮರಳು ಮತ್ತು ವೆಲ್ಡಿಂಗ್ ಅಂಗಡಿಯ ಕಬ್ಬಿಣದ ಚೂರು ತುಂಬಿ, ನಾಲ್ಕು ಕಿಲೋ ತೂಗಿ, ಎಸೆಯುವ ಗುಂಡನ್ನು ತಾನೇ ಹೊಲಿದಿದ್ದಳು. ಅದರ ಹೊಲಿಗೆ ಒಮ್ಮೆಯೂ ಬಿಚ್ಚಲಿಲ್ಲ.

ನಾನು ಓಟದಲ್ಲಿ ಅಂಥ ಹುಲಿಯೇನಲ್ಲ. ಎರಡನೇ ಸುತ್ತಿಗೇ ಪಕ್ಕೆ ಹಿಡಿದು ಕೂರುತ್ತಿದ್ದೆ. "ನನ್ನ ಕೈಲಿ ಆಗೂದಿಲ್ರೀ ಅಕ್ಕಾ, ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು" ಅಂದಿದ್ದೆ ಒಂದು ಸಲ, ದೊಡ್ಡ ಶಾಣ್ಯಾಳ ಹಾಗೆ.

"ಹಾಸಿಗಿ ಹೊಲಿಯಾಕಿ ನಾನs ಅದೀನಿ. ಉದ್ದ ಮಾಡಿ ಕೊಡ್ತೀನಿ. ನೀ ಚಾಚು, ಏಳು" ಅಂದಳು.

ಎದ್ದೆ. ಆಕೆಯ ಎದುರು ಕೂತಿರುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಇಷ್ಟೆಲ್ಲ ಮುಚ್ಚುಮರೆ ಯಾಕೆಂದರೆ, ನಮ್ಮೂರಲ್ಲಿ ಎದೆಮಟ್ಟ ಬೆಳೆದ ಹುಡುಗಿ ಓಡುವುದೆಂದರೆ ಮನೆತನದ ಮರ್ಯಾದೆ ಓಡಿಹೋದ ಹಾಗೆ. ಹೊಲಿಗೆ ಕಲಿಯುವುದಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ. ವರ ನೋಡಲು ಬಂದವರಿಗೆ ಹೇಳಲಿಕ್ಕಾದರೂ ಆಗುತ್ತದಲ್ಲ. ಟೇಲರಕ್ಕ ತನ್ನ ಸುಳ್ಳನ್ನು ಬಹಳ ಜತನವಾಗಿ ಸಾಕಿದ್ದಳು. ತಿಂಗಳಿಗೊಮ್ಮೆ ಪ್ರತಿ ಹುಡುಗಿಯ ಕೈಗೂ ಒಂದು ತಲೆದಿಂಬಿನ ಗಲೀಫನ್ನೋ ಸಂತೆಚೀಲವನ್ನೋ ತಾನೇ ಹೊಲಿದು ಕೊಡುತ್ತಿದ್ದಳು. ಮನೆಯಲ್ಲಿ ತೋರಿಸಲಿಕ್ಕೆ. ಊರವರ ಜಂಪರ್ ತಡವಾಗುತ್ತಿದ್ದುದು ಇದಕ್ಕೇ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾನು ಹೊಲಿದದ್ದೆಂದು ನಮ್ಮವ್ವ ಬಂದವರಿಗೆಲ್ಲ ತೋರಿಸಿ ಹಿಗ್ಗುತ್ತಿದ್ದ ಚೀಲಗಳೆಲ್ಲ ಆಕೆಯ ಕೈಯವು. ನನಗೆ ಇವತ್ತಿಗೂ ಗುಂಡಿ ಹಚ್ಚಲು ಬರುವುದಿಲ್ಲ.

ಒಂದು ಸಲ ಇಟಗಿಗೆ ಕರೆದುಕೊಂಡು ಹೋಗಿದ್ದಳು. ಮನೆಗಳಲ್ಲಿ ಹೇಳಿದ್ದು, ಅಲ್ಲಿನ ಹಳೆಯ ಕಲ್ಲಿನ ಗುಡಿಯ ಗೋಡೆಯ ಮೇಲೆ ಕೆತ್ತಿದ ಬಳ್ಳಿ ನೋಡಿ ಕಸೂತಿ ಹಾಕುವುದನ್ನು ಕಲಿಸುತ್ತೇನೆಂದು. ಹೋಗಿದ್ದು, ಅಲ್ಲಿಗೆ ಬರಲಿದ್ದ ಪರಿಚಯದ ಕೋಚ್ ಒಬ್ಬರಿಗೆ ನಮ್ಮ ಓಟ ತೋರಿಸಲು. ಊರಾಚೆಯ ಬಯಲಿನಲ್ಲಿ ಓಡಿ, ಜಿಗಿದು, ಬೆವರು ಒರೆಸಿಕೊಂಡು ಬಸ್ಸಿಗೆ ಹೊರಟವರನ್ನು ತಡೆದು ಗುಡಿಯೊಳಗೆ ಕೂರಿಸಿದಳು. "ಒಬ್ಬೊಬ್ರು ಒಂದೊಂದು ಬಳ್ಳಿ ಕಾಗದದ ಮ್ಯಾಲೆ ತಕ್ಕೊಳ್ರಿ. ನಾಳಿ ನಿಮ್ಮಪ್ಪ ಕೇಳಿದ್ರ ತೋರಸಾಕ ಬೇಕಲ್ಲ" ಅಂದಳು. ಒಂದು ತಾಸು ಕೂತು ಬಳ್ಳಿ ಬರೆದೆವು. ಚಂದದ ಕಲ್ಲು ನೋಡಿದ್ದೂ ಆಯಿತು.

ಆಕೆಯ ಕೈಯಲ್ಲಿ ಕಲಿತ ಒಬ್ಬಳು ಪೊಲೀಸ್ ಆದಳು. ಹೊಸಪೇಟೆಯ ಅತ್ತೆಯ ಮನೆಯಲ್ಲಿದ್ದು ತಯಾರಿ ಮಾಡಿದ್ದೆಂದು ಊರಿಗೆ ಹೇಳಿದಳು. ಟೇಲರಕ್ಕ ಎಲ್ಲರಂತೆ ಆಕೆಯ ಮನೆಗೆ ಹೋಗಿ ಪೇಢೆ ತಿಂದು ಬಂದಳು. ನಾನು ಪೊಲೀಸಾಗಲಿಲ್ಲ, ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವು. ಡಿಗ್ರಿಗೆ ಕೊಪ್ಪಳದ ಹಾಸ್ಟೆಲ್ಲಿಗೆ ಕಳಿಸಲು ಅಪ್ಪ ಸುತರಾಂ ಒಪ್ಪಲಿಲ್ಲ. ಟೇಲರಕ್ಕ ಮೂರು ಸಂಜೆ ನಮ್ಮ ಕಟ್ಟೆಗೆ ಬಂದು ಕೂತು ಒಪ್ಪಿಸಿದಳು. ಏನು ಹೇಳಿ ಒಪ್ಪಿಸಿದಳೋ, ನಾನು ಕೇಳಲಿಲ್ಲ. ಹೊರಟು ಹೋಗುವ ಗಡಿಬಿಡಿ ನನಗೆ.

ಇನ್ನು ನನ್ನ ಪ್ರತಾಪ ಹೇಳುತ್ತೇನೆ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಕೊಪ್ಪಳದಲ್ಲಿ ಒಂದು ಯುವ ಸಮಿತಿ ಆಯಿತು. ಹಳ್ಳಿಗಳಲ್ಲಿ ಹುಡುಗ ಹುಡುಗಿಯರಿಗಾಗಿ ಕೆಲಸ ಮಾಡುವವರಿಗೆ ಒಂದು ಸಂಸ್ಥೆ ವರ್ಷಕ್ಕೊಮ್ಮೆ ಅನುದಾನ ಕೊಡುತ್ತಿತ್ತು. ಅದು ಯಾರಿಗೆ ಹೋಗಬೇಕೆಂದು ದೊಡ್ಡವರು ಯಾಕೆ ತೀರ್ಮಾನಿಸಬೇಕು, ಹುಡುಗರೇ ತೀರ್ಮಾನಿಸಲಿ ಎಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಹದಿನಾಲ್ಕು ಮಂದಿ ಕಾಲೇಜಿನವರನ್ನು ಆರಿಸಿದರು. ಅದರಲ್ಲಿ ನಾನೂ ಒಬ್ಬಳು. ನೆಲದ ಮೇಲೆ ಕಾಲೇ ನಿಲ್ಲಲಿಲ್ಲ ಬಿಡಿ. ನಿಯಮಗಳನ್ನು ನಾವೇ ಮಾಡಿಕೊಂಡೆವು. ನಮ್ಮ ಕಡೆ ಹಿರಿಯರು ಕಟ್ಟೆಯ ಮೇಲೆ ನ್ಯಾಯಕ್ಕೆ ಕೂತಾಗ, ಸಂಬಂಧಪಟ್ಟವರ ಕಡೆಯವನು ತಾನು ಕಂಡದ್ದನ್ನು ಹೇಳಿ ಎದ್ದು ಹೋಗುತ್ತಾನೆ, ತೀರ್ಮಾನಕ್ಕೆ ಕೂರುವುದಿಲ್ಲ. ಅದನ್ನೇ ತೆಗೆದುಕೊಂಡೆವು. ಯಾವ ಊರಿನ ಅರ್ಜಿ ಬರುತ್ತದೋ ಆ ಊರಿನ ಸದಸ್ಯ ಎರಡು ನಿಮಿಷ ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳಬೇಕು, ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ಹೋಗಿ ನಿಲ್ಲಬೇಕು. ಇದಕ್ಕೆ 'ಊರಿನ ಮಾತು' ಎಂದು ಹೆಸರಿಟ್ಟೆವು. ಇನ್ನೊಂದು ನಿಯಮ, ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂಬ ಕಾರಣವನ್ನು ಆಯಾ ಊರಿನ ಪಂಚಾಯಿತಿ ಬೋರ್ಡಿಗೆ ಹಚ್ಚಿಸಬೇಕು. ಪ್ರಿಂಟ್ ಹಾಕಿದರೆ ಸರಕಾರಿ ಕಾಗದದಂತೆ ಕಾಣುತ್ತದೆ, ಕೈಯಿಂದ ಬರೆಯೋಣ ಎಂದರು. ಅಕ್ಷರ ಚಂದವೆಂದು ಬರೆಯುವ ಕೆಲಸ ನನಗೆ ಬಂತು.

ಊರಿಗೆ ಬಂದಾಗ ನಾನೇ ಟೇಲರಕ್ಕನಿಗೆ ಹೇಳಿದೆ. "ಅಕ್ಕಾ, ಅರ್ಜಿ ಹಾಕ್ರಿ. ಬೂಟು ಬರ್ತಾವು, ಕೊಪ್ಪಳದ ಗ್ರೌಂಡಿಗೆ ಕರ್ಕೊಂಡು ಹೋಗಾಕ ಬಸ್ ಚಾರ್ಜೂ ಬರ್ತೈತಿ."

"ಅರ್ಜಿಯೊಳಗ ಏನಂತ ಬರಿಲಿ? ಹೊಲಿಗಿ ಅಂತನೋ, ಓಟ ಅಂತನೋ?"

"ಓಟ ಅಂತನs ಬರೀರಿ. ಅಲ್ಲಿ ಮುದುಕ್ರು ಇಲ್ರೀ, ನಾವs ಹುಡುಗ್ರು ಕುಂತಿರ್ತೀವಿ."

ಆಕೆ ಬಾಯಿಂದ ಗುಂಡುಸೂಜಿ ತೆಗೆದು ನನ್ನನ್ನು ನೋಡಿ ನಕ್ಕಳು. "ಹುಡುಗ್ರು ಅಂದ್ರ ತಿಳ್ಕೋತಾರ ಬಿಡು. ಆತು, ಖರೇನs ಬರೀತೀನಿ" ಅಂದಳು. ಬಹುಶಃ ಮೊದಲ ಬಾರಿಗೆ ಆಕೆ ತನ್ನ ಕೆಲಸದ ಹೆಸರನ್ನು ಕಾಗದದ ಮೇಲೆ ಇದ್ದಹಾಗೆ ಬರೆದಳು. ಫಾರಮ್ಮಿನಲ್ಲಿ ಹಾಜರಿ ಪುಸ್ತಕದ ಪ್ರತಿ ಕೇಳಿತ್ತು. ಇದ್ದುದೊಂದೇ ಪುಸ್ತಕ. ಅದರ ಆ ವರ್ಷದ ಪುಟಗಳನ್ನು ಝೆರಾಕ್ಸ್ ಮಾಡಿಸಿ ಹಚ್ಚಿದಳು.

ಸಮಿತಿ ಕೂತ ದಿನ ನಮ್ಮೂರಿಗಿಂತ ಮೊದಲು ಅಳವಂಡಿಯ ಅರ್ಜಿ ಬಂತು. ಆ ಊರಿನ ಹುಡುಗ ಎದ್ದು ಅರ್ಜಿದಾರರನ್ನು ಬಾಯಿ ತುಂಬ ಹೊಗಳಿದ. ಅವನು ಹೊರಗೆ ಹೋಗಿದ್ದೇ ತಡ, "ಅವರು ಇವನ ಸ್ವಂತ ಕಾಕಾ ಅಂತ, ಇವ ಹೊಗಳದs ಇನ್ಯಾರು ಹೊಗಳ್ಬೇಕು?" ಎಂದು ಯಾರೋ ಅಂದರು. ಎಲ್ಲ ನಕ್ಕರು. ನಾನೂ ನಕ್ಕೆ. ಅರ್ಜಿ ಬಿದ್ದುಹೋಯಿತು. ಒಳಗೆ ಬಂದವನ ಮುಖ ಕೆಂಪಾಗಿತ್ತು.

ಮುಂದಿನದು ನಮ್ಮೂರಿನದು. ಯಲಬುರ್ಗಾದ ಹುಡುಗಿಯೊಬ್ಬಳು ಕಾಗದ ತಿರುವಿ ಹಾಕಿ, "ಅರ್ಜಿಯೊಳಗ ಓಟ ಅಂತೈತಿ, ಹಾಜರಿಯೊಳಗ ಹೊಲಿಗಿ ಅಂತೈತಿ. ಯಾವುದು ಖರೆ?" ಅಂದಳು. ಅಧ್ಯಕ್ಷನಾಗಿದ್ದ ಗಂಗಾವತಿಯ ಹುಡುಗ ನನ್ನತ್ತ ತಿರುಗಿದ. "ನಿಮ್ಮೂರವರಲ್ಲ? ನಿನಗ ಅವರು ಹೆಂಗ ಪರಿಚಯ?"

"ನಮ್ಮೂರವರು. ಅಷ್ಟs" ಅಂದೆ.

ಅಷ್ಟೇ. ನಾಲ್ಕು ವರ್ಷ ಆಕೆಯ ಕತ್ತರಿಯ ಸದ್ದಿಗೆ ಓಡಿದವಳು, ಆಕೆ ಹೊಲಿದ ಚೀಲವನ್ನು ನನ್ನದೆಂದು ಅವ್ವನಿಗೆ ಕೊಟ್ಟವಳು, ಅಷ್ಟೇ ಅಂದೆ. ನನ್ನ ಕೈಯಲ್ಲಿ ಎರಡು ನಿಮಿಷ ಇತ್ತು. ಎರಡೂ ಖರೆ, ಮನೆಯಲ್ಲಿ ಬಿಡುವುದಿಲ್ಲವೆಂದು ಹಾಗೆ ಬರೆಯುತ್ತಾರೆ, ನಾನೂ ಹಾಗೇ ಓಡಿದವಳು ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಿದರೆ ನಾನು ಹೊರಗೆ ಹೋದ ಮೇಲೆ ನಗುತ್ತಾರೆ. ಇವಳ ಗುರು, ಇವಳು ಹೊಗಳದೆ ಇನ್ಯಾರು ಅನ್ನುತ್ತಾರೆ. ಮೇಲಾಗಿ ನಾನು ಮನೆಯಲ್ಲಿ ಸುಳ್ಳು ಹೇಳಿದ್ದು ಹೊರಬೀಳುತ್ತದೆ. ನನ್ನ ಬಾಯಿಂದ ಬಂದದ್ದು ಇಷ್ಟು: "ಓಟ ಕಲಿಸ್ತಾರ, ಅದು ಖರೆ. ಆದ್ರ ಹಾಜರಿ ಸುಳ್ಳು ಬರೀತಾರ. ಮನೆಯವರಿಗೂ ಹೊಲಿಗಿ ಅಂತನs ಹೇಳ್ತಾರ. ನಮ್ಮೂರವರಂತ ನಾ ಮುಚ್ಚಿಡೂದಿಲ್ಲ."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದ್ದು.

ಬೇವಿನ ಮರದ ಕೆಳಗೆ ನಿಂತು ಚಹಾ ಕುಡಿದೆ. ನಾಚಿಕೆಗೇಡಿನ ಸಂಗತಿಯೆಂದರೆ ಆಗ ನನಗೆ ಹೆಮ್ಮೆಯೇ ಆಗುತ್ತಿತ್ತು. ಒಳಗೆ ಕರೆದಾಗ ಗಂಗಾವತಿಯ ಹುಡುಗ, "ಭಾಳ ಛಲೋ ಮಾತಾಡಿದಿ. ನಿನ್ನಂಗ ನಿಷ್ಠುರ ಇರೋರು ಬೇಕು" ಅಂದ. ಅರ್ಜಿ ತಳ್ಳಿಹಾಕಿದ್ದರು. ಕಾರಣದ ಕಾಗದಗಳನ್ನು ನನ್ನ ಮುಂದಿಟ್ಟರು. ಟೇಲರಕ್ಕನ ಹೆಸರು ಬರೆದು, ಅದರ ಕೆಳಗೆ, "ಹೊಲಿಗೆ ತರಗತಿ ಎಂದು ಪಾಲಕರಿಗೆ ತಿಳಿಸಿ, ಹಾಗೆಯೇ ಸುಳ್ಳು ಹಾಜರಿ ಬರೆದು, ಹುಡುಗಿಯರಿಗೆ ಓಟದ ತರಬೇತಿ ನೀಡುತ್ತಿರುವುದರಿಂದ" ಎಂದು ದುಂಡಗೆ ಬರೆದೆ. ಬರೆಯುವಾಗ ಒಮ್ಮೆ ಕೈ ನಿಂತಿತು. ಇದು ಊರಿನ ಬೋರ್ಡಿಗೆ ಹೋಗುತ್ತದಲ್ಲ ಅನ್ನಿಸಿತು. ಬೋರ್ಡು ಯಾರು ಓದುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮುಂದಿನ ಕಾಗದ ಎಳೆದುಕೊಂಡೆ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಎಣಿಸಿ, ಚಂದದ ಅಕ್ಷರದಲ್ಲಿ ಬರೆದುಕೊಟ್ಟೆ.

ಬೋರ್ಡನ್ನು ಎಲ್ಲರೂ ಓದಿದರು. ಮೊದಲು ಓದಿದವನು ನಮ್ಮಪ್ಪ. ಹೊಲದ ಉತಾರ ತೆಗೆಸಲು ಪಂಚಾಯಿತಿಗೆ ಹೋದವನು ನನ್ನ ಅಕ್ಷರ ಗುರುತು ಹಿಡಿದು, "ನನ್ನ ಮಗಳು ಬರದಿದ್ದು, ನೋಡ್ರಿ" ಎಂದು ನಾಲ್ಕು ಮಂದಿಯನ್ನು ಕರೆದು ತೋರಿಸಿದನಂತೆ. ಅಕ್ಷರ ನೋಡಲು ಬಂದವರು ಒಕ್ಕಣೆ ಓದಿದರು. ಆ ಸಂಜೆಯಿಂದಲೇ ಹುಡುಗಿಯರು ಬರುವುದು ನಿಂತಿತು. ಅವರಲ್ಲಿ ಮಂಜುಳಾ ಎಂಬವಳು ಎಲ್ಲರಿಗಿಂತ ಜೋರು ಓಡುತ್ತಿದ್ದಳು. ಪೊಲೀಸ್ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿ, ಮೂರು ವಾರದಲ್ಲಿ ದೈಹಿಕ ಪರೀಕ್ಷೆಗೆ ಕರೆ ಬಂದಿತ್ತು. ಅವಳಪ್ಪ ಆ ಕಾಗದವನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ. ಅವಳು ಹೋಗಲಿಲ್ಲ. ಮುಂದೆ ಎಷ್ಟೋ ವರ್ಷ ಅವಳಪ್ಪ ಅರ್ಜಿ ಹಾಕಲೂ ಬಿಡಲಿಲ್ಲ, ಅಷ್ಟರಲ್ಲಿ ವಯಸ್ಸು ಮೀರಿತ್ತು.

ಹದಿನೈದು ದಿನ ಬಿಟ್ಟು ನಾನು ಊರಿಗೆ ಹೋದೆ. ಟೇಲರಕ್ಕನ ಖೋಲಿಯಲ್ಲಿ ಯಾರೂ ಇರಲಿಲ್ಲ. ಆಕೆ ಒಂದು ಲಂಗಕ್ಕೆ ಅಂಚು ಹಚ್ಚುತ್ತಿದ್ದಳು. ಕೂರು ಅಂದಳು, ಕೂತೆ.

"ಬೋರ್ಡಿನ ಮ್ಯಾಲಿಂದು ಓದಿದೆ. ಅಕ್ಷರ ಭಾಳ ಛಲೋ ಅದಾವ" ಅಂದಳು.

"ಅಕ್ಕಾ, ಅದು..."

"ಅವರು ಹೇಳಿದ್ದನ್ನ ನೀ ಬರದಿ. ನಿಂದೇನು ತಪ್ಪು? ಹಾಜರಿದು ಅಲ್ಲಿ ಯಾರು ಹೇಳಿದ್ರು, ಗೊತ್ತೈತೇನು?"

ಮಷಿನ್ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಈಗ ಯೋಚಿಸಿದರೆ, ನಾನು ಹೇಳಲಿ ಎಂದು ಆಕೆ ಜಾಗ ಬಿಟ್ಟು ಕೊಟ್ಟಿದ್ದಳು ಅನ್ನಿಸುತ್ತದೆ.

"ಗೊತ್ತಿಲ್ರೀ ಅಕ್ಕಾ. ನಾ ಹೊರಗ ಇದ್ದೆ" ಅಂದೆ.

"ಹೂಂ. ಇರ್ಲಿ ಬಿಡು ಯವ್ವಾ. ಚಹಾ ಮಾಡ್ತೀನಿ, ಕುಡದು ಹೋಗು."

ಆಕೆ ಮಾಡಿಕೊಟ್ಟ ಚಹಾವನ್ನೂ ಕುಡಿದೆ. ಎಂಥ ಗಟ್ಟಿ ಗಂಟಲು ನನ್ನದು! ಆಮೇಲೆ ಊರಿಗೆ ಹೋದಾಗಲೆಲ್ಲ ಪಂಚಾಯಿತಿಯ ಓಣಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ಡಿಗ್ರಿ ಮುಗಿಯಿತು, ಬಿಎಡ್ ಆಯಿತು, ಯಲಬುರ್ಗಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನೌಕರಿ ಸಿಕ್ಕಿತು. ಟೇಲರಕ್ಕ ಮತ್ತೆ ಯಾರನ್ನೂ ಓಡಿಸಲಿಲ್ಲ. ಜಂಪರ್‌ಗಳು ಹೇಳಿದ ದಿನಕ್ಕೆ ಸಿಗತೊಡಗಿದವು ಎಂದು ಅವ್ವ ಒಮ್ಮೆ ಸಂತೋಷದಿಂದ ಹೇಳಿದಳು. ಮೊದಲು ಯಾಕೆ ತಡವಾಗುತ್ತಿತ್ತೆಂಬುದು ನನಗೆ ಆಗ ತಿಳಿಯಿತು.

ಹೋದ ತಿಂಗಳು ಅಪ್ಪ ಫೋನು ಮಾಡಿದ. "ನಿನಗ ಹೊಲಿಗಿ ಕಲಿಸಿದಾಕಿ ಹೋಗಿಬಿಟ್ಲವಾ. ಎದಿ ನೋವು ಅಂದಾಕಿ ಕುಷ್ಟಗಿ ದವಾಖಾನಿ ಮುಟ್ಟಲಿಲ್ಲ. ಮಣ್ಣಿಗೆ ಬಾ."

ಹೋದೆ. ಮಂಜುಳಾ ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ವರ್ಷದಿಂದ ಎರಡನೇ ಮಷಿನ್ನಿನ ಮೇಲೆ ಅವಳೇ ಕೂರುತ್ತಾಳಂತೆ, ಈಗ ನಿಜವಾಗಿಯೇ ಹೊಲಿಯುತ್ತಾಳೆ. "ಬಂದ್ರೇನ್ರೀ ಅಕ್ಕಾ" ಎಂದು ನನಗೆ ದಾರಿ ಬಿಟ್ಟಳು. ಅವಳ ಕಣ್ಣು ನೋಡಲು ನನ್ನಿಂದಾಗಲಿಲ್ಲ.

ಮಣ್ಣು ಮುಗಿಸಿ ಬಂದು, ಸ್ನಾನ ಮಾಡಿ, ಎಲ್ಲರೂ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಮಾತು ಆಕೆಯ ಕಡೆಗೇ ಹರಿಯಿತು. ಅಪ್ಪ ಹೇಳಿದ, "ಏನs ಅನ್ರಿ, ನನಗ ಆಕಿ ಖರೆ ಮಾತು ಹೇಳಿದ್ಲು. ಬೋರ್ಡಿಗೆ ಹಚ್ಚಿದ ವಾರದಾಗs ನಾವು ನಾಕು ಮಂದಿ ಆಕಿ ಮನಿಗೆ ಹೋಗಿದ್ವಿ, ಹಿಂದಿನ ಹಾಜರಿ ಎಲ್ಲಾ ತೋರ್ಸು, ಯಾರ್ಯಾರ ಮಕ್ಕಳು ಓಡ್ಯಾರ ನೋಡೂಣು ಅಂತ. ಗೆದ್ದಲ ತಿಂತು, ಒಲಿಗೆ ಹಾಕಿದೆ ಅಂದ್ಲು. ನನಗ ಸಂಶಯ ಬಂತು. ನನ್ನ ಮಗಳೂ ಓಡಿದ್ಲೇನು, ಬಾಯಿ ಬಿಟ್ಟು ಹೇಳಂದೆ. ಆವತ್ತ ಆಕಿ ಹೌದು ಅಂದಿದ್ರ ಮರುದಿನ ಕೊಪ್ಪಳಕ್ಕ ಹೋಗಿ ಇಕಿನ್ನ ಕಾಲೇಜು ಬಿಡಿಸಿ ಕರ್ಕೊಂಡು ಬರಾಂವ ಇದ್ದೆ. ಆಕಿ ಮಷಿನ್ ಮ್ಯಾಲೆ ಕೈ ಇಟ್ಟು ಆಣಿ ಮಾಡಿದ್ಲು. ನಿಮ್ಮ ಮಗಳೊಬ್ಬಾಕಿ ಕೆರಿ ಕಡೆ ಹಾಯ್ದಾಕಿ ಅಲ್ಲ, ಕುಂತಲ್ಲಿಂದ ಏಳ್ತಿದ್ದಿಲ್ಲ, ಆಕಿ ಅಷ್ಟು ಛಲೋ ಹೊಲಿಯಾಕಿ ನಾ ನೋಡಿಲ್ಲ ಅಂದ್ಲು. ದುಡಿಮಿ ಮ್ಯಾಲೆ ಕೈ ಇಟ್ಟು ಯಾರು ಸುಳ್ಳು ಹೇಳ್ತಾರ? ನಾ ಎದ್ದು ಬಂದೆ." ಆಮೇಲೆ ನನ್ನತ್ತ ತಿರುಗಿ ಕೇಳಿದ, "ಹೌದಲ್ಲವಾ?"

ಎಲ್ಲರೂ ನನ್ನ ಮುಖ ನೋಡಿದರು. ಹಾಜರಿ ಪುಸ್ತಕ ಸುಟ್ಟಿದ್ದು, ಸುಳ್ಳು ಆಣೆ ಮಾಡಿದ್ದು, ಎಲ್ಲ ನನಗಾಗಿ. ಅದನ್ನು ಮುಗಿಸಿ ಕೂತಿದ್ದವಳ ಎದುರಿಗೆ ಹೋಗಿ ನಾನು ಗೊತ್ತಿಲ್ಲ ಅಂದಿದ್ದೆ. ನನ್ನ ಡಿಗ್ರಿ, ನೌಕರಿ, ತಿಂಗಳ ಪಗಾರ, ಇವತ್ತು ಈ ಕಟ್ಟೆಯ ಮೇಲೆ ನನಗೆ ಸಿಗುವ ಮರ್ಯಾದೆ, ಎಲ್ಲವೂ ಆಕೆಯ ಆ ಒಂದು ಆಣೆಯ ಮೇಲೆ ನಿಂತಿವೆ. ಮಂಜುಳಾಳ ಅಪ್ಪನೂ ಅಲ್ಲೇ ಕೂತಿದ್ದ.

"ಹೂಂ" ಅಂದೆ.

ಮೂರನೆಯ ಸಲವೂ ನನ್ನ ಬಾಯಿ ಬಿಚ್ಚಲಿಲ್ಲ. ಆ ರಾತ್ರಿಯಿಂದ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಪೇಪರು, ಪುಸ್ತಕ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಅದರಲ್ಲೂ ನನ್ನ ಬರಹವೆಂದರೆ ಕನ್ನಡಕ ಹುಡುಕಿಕೊಂಡು ಕೂರುತ್ತಾನೆ. ಇದು ಅಚ್ಚಾದ ದಿನ ಪ್ರತಿಯನ್ನು ಪೋಸ್ಟಿನಲ್ಲಿ ಕಳಿಸುವುದಿಲ್ಲ. ಊರಿಗೆ ಹೋಗಿ ಅವನ ಕೈಗೆ ಕೊಟ್ಟು, ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ.